ಕುರಿಗೆ ಕಟ್ಟಿದ ಜಿಗಣಿ

ಯಪ್ಪಾ,

ಹೇಗಿದ್ದೀ ಅಂತ ಕೇಳುವುದಿಲ್ಲ. ಬದುಕಿದ್ದಾಗ ಸಾವಿರ ಸಲ ಕೇಳಿದ್ದೇನೆ. ಜ್ವರದಲ್ಲಿ ಮೈ ಸುಡುತ್ತಿದ್ದರೂ "ಆರಾಮ ಅದೀನವ್ವಾ" ಅನ್ನುತ್ತಿದ್ದವನು ನೀನು. ಈಗ ಇನ್ನೇನು ಹೊಸದು ಹೇಳುತ್ತೀ? ನಿನಗೆ ಓದಲು ಬರುತ್ತಿರಲಿಲ್ಲ ಅನ್ನುವುದೂ ಗೊತ್ತು. ನಾನು ಹಾಸ್ಟೆಲಿನಿಂದ ಬರೆದ ಕಾಗದಗಳನ್ನು ಊರ ಮಾಸ್ತರರ ಹತ್ತಿರ ಎರಡೆರಡು ಸಲ ಓದಿಸಿ, ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಕುರಿ ಹಿಂದೆ ಹೋಗುತ್ತಿದ್ದೆಯಂತೆ. ಇದನ್ನೂ ಹಾಗೇ ಯಾರ ಹತ್ತಿರವಾದರೂ ಓದಿಸಿಕೊ. ನಾಲ್ಕು ಮಂದಿ ಕೂತು ಕೇಳಿದರೂ ನನಗೆ ಅಡ್ಡಿಯಿಲ್ಲ. ಇದರಲ್ಲಿ ನಿನ್ನ ತಪ್ಪಿಗಿಂತ ನನ್ನದೇ ಹೆಚ್ಚಿದೆ.

ನೀನು ಶಹಾಪುರದ ನನ್ನ ಮನೆಗೆ ಬಂದ ಆ ಮಧ್ಯಾಹ್ನ ನೆನಪಿದೆಯಾ? ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಎಳೆ ಸೌತೆಕಾಯಿಯ ಗಂಟು. ಒಳಗೆ ಬಂದು ಗೋಡೆಗೆ ಒರಗಿ ಕೂತೆ. ನಾನು ನೀರು ತರಲು ಎದ್ದವಳು ನೆಲ ನೋಡಿದೆ. ಬಾಗಿಲಿನಿಂದ ನೀನು ಕೂತ ಜಾಗದವರೆಗೆ ಎಡಗಾಲಿನ ಒಂದೊಂದು ಹೆಜ್ಜೆಗೂ ಒಂದೊಂದು ಒದ್ದೆ ಗುರುತು. ಕಾಲೆತ್ತಿಸಿ ನೋಡಿದರೆ ಹಿಮ್ಮಡಿ ಕೊಳೆತಿತ್ತು. "ಜಾಲಿಮುಳ್ಳ ನೆಟ್ಟಿತ್ತು. ಕಿತ್ತ ಒಗದೀನಿ. ಏನೂ ನೂಯಂಗಿಲ್ಲ ನೋಡ" ಅಂದೆ, ಏನೋ ದೊಡ್ಡ ಬಹುಮಾನ ಗೆದ್ದವನ ಹಾಗೆ. ಅಷ್ಟು ದೊಡ್ಡ ಗಾಯ ನೋಯದೇ ಇರುವುದೇ ರೋಗ ಅಂತ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಡ್ರೆಸ್ಸಿಂಗ್ ಮಾಡಿದ ನನಗೆ ಗೊತ್ತಿತ್ತು. ಅಲ್ಲೇ ನಿನ್ನ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ವಿಪರೀತ ಏರಿತ್ತು. ಹೇಳಿದರೆ, "ಬ್ಯಾರೆ ಯಾರದರ ರಕ್ತ ನೋಡಿರಬೇಕು ನೀ" ಅಂದೆಯಲ್ಲ! ಬೆರಳು ನಿನ್ನದು, ಮನೆಯಲ್ಲಿ ಇದ್ದವರು ನಾವಿಬ್ಬರೇ.

ಡಾಕ್ಟರು ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಹಿಮ್ಮಡಿಯಲ್ಲಿ ಲಿಂಬೆಹಣ್ಣು ಕೂರುವಷ್ಟು ಕುಳಿ ಉಳಿಯಿತು. ಅವರು ನಿನ್ನ ಮಂಚದ ಅಂಚಿಗೆ ಕೂತು ಬಿಡಿಸಿ ಹೇಳಿದರು: "ನೋಡ್ರಿ ಯಜಮಾನ್ರ, ಈ ಕುಳಿ ತಳದಿಂದ ತುಂಬಿಕೋತ ಬರಬೇಕು. ಬಂತಂದ್ರ ಕಾಲು ನಿಮ್ಮದು. ಬರಲಿಲ್ಲಂದ್ರ ಮೊಳಕಾಲ ಕೆಳಗ ತೆಗೀಬೇಕಾಗ್ತದ." ಗಾಯದ ಕೆಟ್ಟ ನೀರನ್ನು ಎಳೆದು ತೆಗೆಯುವ ಕರೆಂಟಿನ ಯಂತ್ರ ಇತ್ತು. ಅದನ್ನು ಹಚ್ಚಿದರೆ ನೀನು ವಾರಗಟ್ಟಲೆ ಗೋಡೆಯ ಪ್ಲಗ್ಗಿನ ಪಕ್ಕದಲ್ಲೇ ಮಲಗಬೇಕು. ನೀನು ಎರಡು ದಿನ ಮಲಗಿದೆ. ಮೂರನೆಯ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬರುವಷ್ಟರಲ್ಲಿ ರುಮಾಲು ಸುತ್ತಿಕೊಂಡು ಹೊರಡಲು ತಯಾರಾಗಿ ಕೂತಿದ್ದೆ. "ಬೀರಪ್ಪ ಒಬ್ಬನ ಅದಾನ. ಹಿಂಡು ಹೊಳಿ ಕಡಿ ಹೊಂಟದ. ಒಬ್ಬ ಮುಂದ, ಒಬ್ಬ ಹಿಂದ ಇರಬೇಕಲ್ಲವ್ವಾ?" ಅಣ್ಣನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದೆ. ಅವ್ವ ಹೋದ ಮೇಲೆ ನಮ್ಮಿಬ್ಬರನ್ನೂ ಆ ಕುರಿಗಳ ಬೆನ್ನ ಮೇಲೇ ಸಾಕಿದವನಿಗೆ ನಾನು ಏನು ಹೇಳಲಿ?

ಆಗ ಡಾಕ್ಟರು ಕಪಾಟಿನಿಂದ ಒಂದು ಡಬ್ಬಿ ತೆಗೆದದ್ದು. ಪ್ರಯೋಗಕ್ಕೆ ಅಂತ ಅವರ ಕೈಗೆ ಬಂದಿದ್ದು ಅದೊಂದೇ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕರೆಂಟ್ ಬೇಡ, ಸೆಲ್ ಬೇಡ. ಒಳಗೆ ಒಂದು ಸ್ಪ್ರಿಂಗ್. ಗಾಯದ ಕುಳಿಯಲ್ಲಿ ಸ್ಪಂಜು ಇಟ್ಟು, ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆಯನ್ನು ಗಾಳಿ ಹೋಗದ ಹಾಗೆ ಅಂಟಿಸಿ, ನಳಿಕೆ ಜೋಡಿಸಿ, ಡಬ್ಬಿಯನ್ನು ಒತ್ತಿ ಬಿಡಬೇಕು. ಸ್ಪ್ರಿಂಗ್ ನಿಧಾನಕ್ಕೆ ಮೇಲೇಳುತ್ತ ಏಳುತ್ತ ಕೆಟ್ಟ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ಎಲ್ಲಿ ಬೇಕಾದರೂ ಇರಬಹುದು. ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಜಿಗಣಿ ಅಲ್ಲೇನ್ರಿ ಸಾಹೇಬ್ರ? ನಮ್ಮಪ್ಪ ಕುರಿಗೆ ಬಾವು ಬಂದ್ರ ಜಿಗಣಿ ಹಚ್ತಿದ್ದ. ಅದಕ್ಕ ಕೆರಿಗೆ ಹೋಗಬೇಕಿತ್ತು, ಇದು ಕಪಾಟಿನ್ಯಾಗ ಸಿಗ್ತದ" ಅಂದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆವತ್ತಿನಿಂದ ನಮ್ಮ ವಾರ್ಡಿನಲ್ಲಿ ಅದರ ಹೆಸರು ಜಿಗಣಿ ಅಂತಲೇ ಆಗಿದೆ. ಕಂಪನಿಯವರು ಇಟ್ಟ ಹೆಸರು ಇವತ್ತಿಗೂ ಯಾರ ಬಾಯಿಗೂ ಬಂದಿಲ್ಲ.

ನೀನು ವಾರಕ್ಕೆ ಎರಡು ಸಲ ಬಸ್ ಹತ್ತಿ ಬರುತ್ತಿದ್ದೆ. ಕಡಿಮೆ ನಡೆ ಅಂದರೆ ತಲೆ ಆಡಿಸುತ್ತಿದ್ದೆ. ಎಷ್ಟು ಪಾಲಿಸುತ್ತಿದ್ದೆಯೋ ದೇವರಿಗೇ ಗೊತ್ತು. ಪ್ರತಿ ಸಲವೂ ಡಬ್ಬಿಯ ಸ್ಪ್ರಿಂಗ್ ಪೂರ್ತಿ ಮೇಲೆದ್ದಿರುತ್ತಿತ್ತು, ಒಳಗೆ ನೀರು ಮಾತ್ರ ಇಲ್ಲ. ಎಲ್ಲೋ ಗಾಳಿ ಹೋಗುತ್ತಿತ್ತು ಅಂತ ಅರ್ಥ. ಆ ಹಾಳೆ ಅಂಟಿಸುವುದು ನನಗೂ ಹೊಸ ಕೆಲಸ. ಆದರೆ ತಪ್ಪು ನನ್ನ ಕೈಯದಿರಬಹುದು ಅಂತ ಒಮ್ಮೆಯೂ ಅನ್ನಿಸಲಿಲ್ಲ ನೋಡು! ಸಾಲಿನಲ್ಲಿ ನಿಂತ ಮಂದಿಯ ಮುಂದೆಯೇ ಜೋರು ಮಾಡುತ್ತಿದ್ದೆ: "ಹಾಳಿ ಎಬ್ಬಿಸಿ ನೋಡಿದಿ ಹೌದಿಲ್ಲೊ? ಖರೇ ಹೇಳು." ನೀನು ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ಕಾಲು ಚಾಚಿ ಕೂತು, "ಇಲ್ಲವ್ವಾ, ನಾ ಮುಟ್ಟಿಲ್ಲ" ಅನ್ನುತ್ತಿದ್ದೆ. "ಮುಟ್ಟಲಾರದ ಹೆಂಗ ಏಳ್ತದ ಅದು?" ಅನ್ನುತ್ತಿದ್ದೆ ನಾನು.

ಒಂದು ಭಾನುವಾರ, ಮೊದಲೇ ಹೇಳಿದ್ದ ಹಾಗೆ, ನಾನೇ ರೊಟ್ಟಿ ಬುತ್ತಿ ಕಟ್ಟಿಕೊಂಡು ನಿನ್ನ ಹತ್ತಿರ ಬಂದೆ. ಸುರಪುರದ ಆಚೆ, ನಾರಾಯಣಪುರದ ಕಾಲುವೆ ನೀರು ಹಾಯುವ ಒಂದು ಭತ್ತದ ಹೊಲ ಕೊಯ್ದು ಮುಗಿದಿತ್ತು. ಗೊಬ್ಬರಕ್ಕೆ ಅಂತ ಹೊಲದವರು ನಿಮ್ಮ ಹಿಂಡನ್ನು ಅಲ್ಲಿ ನಿಲ್ಲಿಸಿಕೊಂಡಿದ್ದರು. ಬಸ್ ಇಳಿದು ಕಾಲುವೆಯ ಏರಿಯ ಮೇಲೆ ಬಿಸಿಲಲ್ಲಿ ನಡೆದು ಬಂದೆ. ದೂರದಿಂದಲೇ ನೀನು ಕಂಡೆ. ಒಂದು ಕರಿ ಕುರಿಯ ಕುತ್ತಿಗೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ನನ್ನನ್ನು ನೋಡಿ ನಿನ್ನ ಮುಖ ಅರಳಿತು. ಹತ್ತಿರ ಬಂದೆ. ನಿನ್ನ ಕಾಲಿಗೆ ಬರೀ ಅರಿವೆ ಸುತ್ತಿತ್ತು. ಡಬ್ಬಿ ಎಲ್ಲಿ ಅಂತ ಸೊಂಟ ನೋಡಿದೆ, ಇಲ್ಲ. ಆಮೇಲೆ ಕುರಿಯ ಕಡೆ ನೋಡಿದೆ. ಪಕ್ಕೆಯ ಉಣ್ಣೆ ನೀಟಾಗಿ ಕತ್ತರಿಸಿತ್ತು. ಅಲ್ಲಿ ನನ್ನ ಆಸ್ಪತ್ರೆಯ ಹಾಳೆ, ನನ್ನ ಆಸ್ಪತ್ರೆಯ ನಳಿಕೆ, ಹೊಟ್ಟೆಗೆ ಸುತ್ತಿದ ಕಂಬಳಿ ಪಟ್ಟಿಯಲ್ಲಿ ಸಿಕ್ಕಿಸಿದ ನಿನ್ನ ಜಿಗಣಿ…

"ಇದೇನ ಮಾಡಿದಿ ಯಪ್ಪಾ?"

"ನಾಯಿ ಕಡದಾವವ್ವಾ. ಪಕ್ಕಡಿ ಹರದಿತ್ತು. ಇಲ್ಲಿ ನೋಡಿಲ್ಲಿ, ಎರಡ ದಿನ ಆತು, ಸ್ಪ್ರಿಂಗ್ ಇನ್ನಾ ಪೂರಾ ಎದ್ದಿಲ್ಲ. ಇಲ್ಲಿ ಕೈ ಹಚ್ಚಿ ನೋಡು…"

"ನಾ ಕೈ ಹಚ್ಚಂಗಿಲ್ಲ! ಒಬ್ಬರಿಗೆ ಹಚ್ಚಿದ್ದು ಇನ್ನೊಬ್ಬರಿಗೆ ಹಚ್ಚಬಾರದು ಅಂತ ಹೇಳಿದ್ದಿಲ್ಲೇನು? ಈಗ ಕುರಿದು ನಿನ್ನ ಕಾಲಿಗೆ ಕಟ್ಟಲೇನು? ಕುರಿ ಹೋದ್ರ ಇನ್ನೊಂದ ಕುರಿ ಬರ್ತದ. ಕಾಲು ಬರ್ತದೇನು?"

"ಹಂಗಲ್ಲ ಯವ್ವಾ, ನಾ ಹೇಳೂದ ಒಂಚೂರು…"

"ನೀ ಹೇಳೂದ ಬ್ಯಾಡ, ನಾ ಕೇಳೂದ ಬ್ಯಾಡ. ನಿನಗ ಮಗಳ ಮರ್ಯಾದಿಗಿಂತ ಕುರಿ ಹೆಚ್ಚು. ಕಾಲ ತಗಿಯೂ ದಿನ ನನ್ನ ಕರೀಬ್ಯಾಡ."

ಅಂದೇಬಿಟ್ಟೆ. ಅಂದದ್ದಲ್ಲದೆ ಬಗ್ಗಿ ಆ ಹಾಳೆಯನ್ನು ಕಿತ್ತೆ. ಇಲ್ಲಿಯವರೆಗೆ ಯಾರಿಗೂ ಹೇಳದ ಮಾತು ಇದು, ಯಪ್ಪಾ: ಆ ಹಾಳೆ ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಎಳೆಯಬೇಕಾಯಿತು. ಅಂಚಿನ ಕೆಳಗೆ, ಚರ್ಮದ ಒಂದೊಂದು ಮಡಿಕೆಯಲ್ಲೂ ನೀನು ಜಾಲಿ ಅಂಟನ್ನು ನೆನೆಸಿ, ಮೆತ್ತಗೆ ಮಾಡಿ ತುಂಬಿದ್ದೆ. ಅದು ನನ್ನ ಬೆರಳಿಗೆ ಹತ್ತಿತು. ಇಷ್ಟು ಬಿಗಿಯಾಗಿ ನಾನು ನಿನ್ನ ಕಾಲಿಗೆ ಒಮ್ಮೆಯೂ ಅಂಟಿಸಿರಲಿಲ್ಲ ಅಂತ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು, ಬುತ್ತಿಯನ್ನು ಅಣ್ಣನ ಕೈಗಿಟ್ಟು, ನಿನ್ನ ಕಾಲಿಗೆ ಬೇರೆ ಪಟ್ಟಿ ಸುತ್ತಿ ಹೊರಟೆ. ನೀನು ಹಿಂದೆ ಕುಂಟುತ್ತ ಏರಿಯವರೆಗೂ ಬಂದೆಯಲ್ಲ, ನಾನು ತಿರುಗಿ ನೋಡಲಿಲ್ಲ.

ಮುಂದಿನ ಸಲ ನೀನು ಆಸ್ಪತ್ರೆಗೆ ಬಂದಾಗ ಡಾಕ್ಟರು ಡಬ್ಬಿ ಎಲ್ಲಿ ಅಂತ ಕೇಳಿದರು. ನಮ್ಮಪ್ಪ ಕುರಿಗೆ ಕಟ್ಟಿದ್ದ ಅಂತ ಹೇಳಲು ನನಗೆ ನಾಚಿಕೆ. ಇಡೀ ಆಸ್ಪತ್ರೆ ನಗುತ್ತದೆ, ಕುರುಬರ ಹುಡುಗಿ ನರ್ಸ್ ಆದರೂ ಅಪ್ಪ ಹೀಗೇ ಅಂತಾರೆ ಅನ್ನುವ ಹುಳ ತಲೆಯಲ್ಲಿ. "ಕಾಲುವೆಯಲ್ಲಿ ಬಿದ್ದು ಹೋಯಿತಂತೆ ಸರ್" ಅಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. ಈಗ ಹೇಳುತ್ತಾನೆ, ಮಾನ ಹೋಗುತ್ತದೆ ಅಂದುಕೊಂಡೆ. ನೀನು ಕೈ ಮುಗಿದು, "ಹೌದ್ರಿ ಸಾಹೇಬ್ರ, ನಂದ ತಪ್ಪು. ಕೈ ಜಾರಿತು" ಅಂದೆ. "ಆರಾಮ ಅದೀನಿ" ಅನ್ನುವುದೊಂದನ್ನು ಬಿಟ್ಟು ಜೀವನದಲ್ಲಿ ನೀನು ಹೇಳಿದ ಸುಳ್ಳುಗಳನ್ನು ಎಣಿಸಿದರೆ ಇನ್ನೊಂದು ಸಿಗುತ್ತದೋ ಇಲ್ಲವೋ. ಅದನ್ನೂ ನನ್ನ ಸಲುವಾಗಿಯೇ ಹೇಳಿದೆ.

ಇನ್ನೊಂದು ಡಬ್ಬಿ ಇರಲಿಲ್ಲ. ಬರೀ ಪಟ್ಟಿ ಕಟ್ಟುತ್ತ ಮೂರು ವಾರ ಕಳೆಯಿತು. ಕೀವು ಮೇಲಕ್ಕೆ ಏರಿತು, ಜ್ವರ ಬಂತು. ಕಾಲು ತೆಗೆಯಲು ಥಿಯೇಟರಿಗೆ ಒಯ್ಯುವ ಮುಂಚೆ ನಾನು ಗಾಲಿಮಂಚದ ಪಕ್ಕದಲ್ಲಿ ನಿಂತು ಅಳುತ್ತಿದ್ದರೆ ನೀನು ಕೈ ಹಿಡಿದು ಹೇಳಿದ್ದೇನು? "ಅಳಬ್ಯಾಡ ಯವ್ವಾ. ಇನ್ನ ಮ್ಯಾಲ ಮುಳ್ಳ ನೆಡಬೇಕಂದ್ರ ಉಳದ ಒಂದ ಕಾಲ ಹುಡಕಬೇಕು ಅದು." ಪಕ್ಕದಲ್ಲಿದ್ದ ವಾರ್ಡ್ ಆಯಾ ಮುಖ ತಿರುಗಿಸಿಕೊಂಡು ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಆಮೇಲಿನ ಎರಡು ವರ್ಷ ನೀನು ನನ್ನ ಹತ್ತಿರವೇ ಇದ್ದೆ. ಓಣಿಯ ಕಟ್ಟೆಯ ಮೇಲೆ ಊರುಗೋಲು ಇಟ್ಟುಕೊಂಡು ಕೂತರೆ ಅಕ್ಕಪಕ್ಕದವರು ಆಡಿನ ಕಾಲು ಉಳುಕಿದೆ, ಕರುವಿನ ಕಿವಿ ಹರಿದಿದೆ ಅಂತ ತರುತ್ತಿದ್ದರು. ನನ್ನ ಡ್ರೆಸ್ಸಿಂಗ್ ರೂಮಿಗಿಂತ ನಿನ್ನ ಕಟ್ಟೆಗೆ ಗಿರಾಕಿ ಜಾಸ್ತಿ. ಸಂಜೆ ನಾನು ಬಂದ ಕೂಡಲೇ "ಇವತ್ತ ಎಷ್ಟ ಗಾಯ ಕಟ್ಟಿದೆವ್ವಾ?" ಅಂತ ಕೇಳುತ್ತಿದ್ದೆ. ಎಲ್ಲ ಮಾತಾಡಿದೆವು, ಆ ಭಾನುವಾರದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಎಷ್ಟೋ ಸಲ ಬಾಯಿ ತುದಿಗೆ ಬಂದಿತ್ತು. ನಾಳೆ ಕೇಳಿದರಾಯಿತು ಅಂದುಕೊಂಡೆ. ಒಂದು ಬೆಳಿಗ್ಗೆ ಬಸಿಯಲ್ಲಿ ಚಾ ಸುರಿದುಕೊಂಡವನು ಕುಡಿಯಲೇ ಇಲ್ಲ. ನಾನು ಒಳಗಿನಿಂದ ಬರುವಷ್ಟರಲ್ಲಿ ಗೋಡೆಗೆ ತಲೆ ಒರಗಿಸಿದ್ದೆ, ಚಾ ಇನ್ನೂ ಬಿಸಿ ಇತ್ತು. ಎದೆ ನಿಂತಿತ್ತು ಅಂತ ಡಾಕ್ಟರು ಹೇಳಿದರು. ಮಗಳು ನರ್ಸ್, ಪಕ್ಕದ ಕೋಣೆಯಲ್ಲೇ ಇದ್ದಾಳೆ, ಒಂದು ಸಲ ಕೂಗಬಾರದಿತ್ತೇನು ನೀನು?

ಈ ಚಳಿಗಾಲದಲ್ಲಿ ಅಣ್ಣನ ಹಿಂಡು ಯಾದಗಿರಿ ಹತ್ತಿರದ ಮುದನಾಳದ ಹೊಲವೊಂದರಲ್ಲಿ ಇಳಿದಿತ್ತು. ನಾನು ಆಸ್ಪತ್ರೆಯ ಕೆಲಸಕ್ಕೆ ಯಾದಗಿರಿಗೆ ಹೋದವಳು ಹಾಗೇ ನೋಡಿ ಬರೋಣ ಅಂತ ಹೋದೆ. ಅಣ್ಣ ಒಂದು ಕರಿ ಕುರಿಯನ್ನು ಕೊರಳು ಹಿಡಿದು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದ. ಪಕ್ಕೆಯಲ್ಲಿ ಅಂಗೈ ಅಗಲ ಉಣ್ಣೆ ಇಲ್ಲದ ಜಾಗ. "ಗುರ್ತ ಸಿಕ್ತೇನು? ಆವತ್ತ ನೀ ಬೈದ ಕುರಿ. ಎರಡ ಸಲ ಮರಿ ಹಾಕ್ಯಾದ." ನಾನು ಅದರ ಬೋಳು ಪಕ್ಕೆ ಸವರಿದೆ. ಆಮೇಲೆ, ಎರಡು ವರ್ಷ ನಿನ್ನನ್ನು ಕೇಳದೆ ಉಳಿದದ್ದನ್ನು ಅವನನ್ನು ಕೇಳಿದೆ. ಅಪ್ಪ ಯಾಕೆ ಹಾಗೆ ಮಾಡಿದ? ಕುರಿಯ ಮೇಲೆ ಅಷ್ಟೊಂದು ಜೀವವಾ?

"ಕುರಿ ಸಲುವಾಗಿ ಅಂತ ಯಾರಂದ್ರು ನಿನಗ?" ಅಂದ ಅಣ್ಣ. "ಡಬ್ಬಿ ಯಾಕ ಗಾಳಿ ಬಿಡ್ತದ ಅಂತ ಅಂವಗ ತಿಳೀಬೇಕಿತ್ತು. ನನ್ನ ಹಿಮ್ಮಡಿ ನನಗ ಕಾಣಂಗಿಲ್ಲ, ಇದರ ಪಕ್ಕಡಿ ಕಾಣ್ತದ ಅಂದ. ಹಾಳಿ ಅಂಟಿಸಿದ, ಎದ್ದಿತು. ಉಣ್ಣಿ ಇನ್ನಾ ಸಣ್ಣಗ ಕತ್ತರಿಸಿ ಮತ್ತ ಅಂಟಿಸಿದ, ಮತ್ತ ಎದ್ದಿತು. ಚರ್ಮದ ಮಡಿಕ್ಯಾಗ ಗಾಳಿ ಹೋಗಾಕತ್ತದ, ನನ್ನ ಹಿಮ್ಮಡಿ ಬಿರುಕಿನ್ಯಾಗೂ ಹಿಂಗ ಹೋಗ್ತಿರಬೇಕು ಅಂತ ಆವಾಗ ಹೊಳೀತು. ಅಂಟು ತುಂಬಿದ, ಕುಂತುಬಿಡ್ತು. ಮಾಳವ್ವ ಭಾನುವಾರ ಬರ್ತಾಳ, ತೋರಸ್ತೀನಿ, ಆಮ್ಯಾಲ ಆಕಿ ನನ್ನ ಕಾಲಿಗೆ ಹಿಂಗ ಕಟ್ತಾಳ, ಎಲ್ಲಾರ ಮುಂದ ನನಗ ಬೈಯೂದು ತಪ್ತದ ಅಂತ ಕುಂತಿದ್ದ. ಮುಂಜಾನಿಂದ ಏರಿ ಕಡಿನ ನೋಡಾಕತ್ತಿದ್ದ."

ನಮ್ಮ ಹಟ್ಟಿಯ ರೀತಿ ನನಗೆ ಹೊಸದೇ, ಯಪ್ಪಾ? ಹೊಸ ಔಷಧ ಬಂದರೆ ಇಡೀ ಹಿಂಡಿಗೆ ಒಮ್ಮೆಲೇ ಕುಡಿಸುವವರಲ್ಲ ನಾವು. ಮೊದಲು ಒಂದಕ್ಕೆ ಹಾಕಿ, ಒಂದು ದಿನ ನೋಡಿ, ಅದು ಮೇವು ತಿಂದರೆ ಆಮೇಲೆ ಉಳಿದವಕ್ಕೆ. ಚಿಕ್ಕವಳಿದ್ದಾಗ ಆ ಒಂದು ಕುರಿಯ ಪಕ್ಕದಲ್ಲಿ ನನ್ನನ್ನೇ ಕಾವಲು ಕೂರಿಸುತ್ತಿದ್ದವನು ನೀನು. ಆವತ್ತು ಕುರಿಯ ಮೇಲೆ ಡಬ್ಬಿ ಕಂಡಾಗ ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಬಿಳಿ ಕೋಟು ಹಾಕಿಕೊಂಡು ಅದನ್ನೂ ಮರೆತೆನೇ? "ಇಷ್ಟು ದಿನ ನನಗ ಯಾಕ ಹೇಳಲಿಲ್ಲ?" ಅಂತ ಅಣ್ಣನ ಮೇಲೆ ರೇಗಿದೆ. "ಅಪ್ಪ ಬ್ಯಾಡ ಅಂದಿದ್ದ. ಆಕಿಗೆ ತಿಳಿದ್ರ ತನ್ನಿಂದ ಕಾಲ ಹೋತು ಅಂತ ಹೈರಾಣ ಆಗ್ತಾಳ ಅಂತಿದ್ದ. ನೀ ಕೇಳಿದಿ ಅಂತ ಹೇಳಿದೆ" ಅಂದ. ಆ ಹೊಲದ ಬದುವಿನ ಮೇಲೆ ಕೂತು ನಾನು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅಣ್ಣ ಪಾಪ, ನೀರಿನ ಬಾಟಲಿ ಹಿಡಿದುಕೊಂಡು ನಿಂತೇ ಇದ್ದ.

ಅದಾಗಿ ಕೆಲವು ದಿನಕ್ಕೆ ನಮ್ಮ ವಾರ್ಡಿಗೆ ಶಾಂತಮ್ಮ ಅಂತ ಒಬ್ಬಾಕೆ ಬಂದಳು. ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಕೆ, ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ನಿನ್ನಂಥದೇ ಕುಳಿ. ಈ ಸಲ ಡಾಕ್ಟರು ಜಿಗಣಿ ಡಬ್ಬಿಗಳ ಒಂದು ಪೆಟ್ಟಿಗೆಯನ್ನೇ ತರಿಸಿದ್ದರು. ಹಚ್ಚಿದೆವು. ಮರುದಿನವೇ ಸ್ಪ್ರಿಂಗ್ ಎದ್ದಿತ್ತು. ಬೇರೆ ಡಬ್ಬಿ ಹಚ್ಚಿದೆವು, ಅದೂ ಎದ್ದಿತು. ಅಣ್ಣ ಹೇಳಿದ್ದನ್ನು ಕೇಳಿ ಅತ್ತಿದ್ದೆನೇ ಹೊರತು, ಅದು ಇನ್ನೊಬ್ಬರ ಕಾಲಿಗೂ ಆದೀತು ಅಂತ ನನಗೆ ಹೊಳೆದಿರಲಿಲ್ಲ. ನನ್ನ ಬಾಯಿ ಹಳೆಯ ಚಾಳಿ ಬಿಡುತ್ತದೆಯೇ? "ಹಾಳಿ ಎಬ್ಬಿಸೀರಿ ಹೌದಿಲ್ಲೊ?" ಅಂದೆ. ಶಾಂತಮ್ಮ ಕಾಲು ಚಾಚಿ ಕೂತು ಹೇಳಿದಳು: "ಇಲ್ಲವ್ವಾ, ನಾ ಮುಟ್ಟಿಲ್ಲ."

ಯಪ್ಪಾ, ನನ್ನ ಕೈಯಲ್ಲಿದ್ದ ಕತ್ತರಿ ಟ್ರೇಗೆ ಬಿತ್ತು. ಆಕೆ ಗಾಬರಿಯಾಗಿ, "ತಪ್ಪಾತೇನ್ರಿ ಸಿಸ್ಟರ್?" ಅಂದಳು. ನಾನು ಆಕೆಯ ಪಾದ ಎತ್ತಿ ಹಿಮ್ಮಡಿ ನೋಡಿದೆ. ಸುತ್ತಲೂ ಬಿರುಕು, ಉಗುರು ಇಳಿಯುವಷ್ಟು ಆಳದ್ದು. ಚಪ್ಪಲಿ ಇಲ್ಲದೆ ಜೀವನ ಕಳೆದ ಕಾಲು. ನಿನ್ನದೂ ಹೀಗೇ ಇತ್ತು. ಪ್ರತಿ ಸಲ ಕೈಯಲ್ಲಿ ಹಿಡಿದರೂ ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಬಂದರು. ಡಬ್ಬಿ ನೋಡಿ ತಲೆ ಅಲ್ಲಾಡಿಸಿದರು. "ನಮ್ಮ ಭಾಗದ ಕಾಲಿಗೆ ಇದು ಒಗ್ಗೂದಿಲ್ಲ ಸಿಸ್ಟರ್. ಉಳಿದಿದ್ದು ವಾಪಸ್ ಕಳಿಸೋಣು. ಈಕಿನ್ನ ಕಾಯಿಸಿ ಉಪಯೋಗಿಲ್ಲ, ಸೋಮವಾರ ಥಿಯೇಟರಿಗೆ ಬರ್ಕೋರಿ." ಶಾಂತಮ್ಮ ನನ್ನ ಸೆರಗು ಹಿಡಿದುಕೊಂಡಳು. "ಕಾಲ ತಗದ್ರ ನಾ ಹೊಲದಾಗ ಹ್ಯಾಂಗ ಕೂಡ್ಲಿ, ಹ್ಯಾಂಗ ಏಳ್ಲಿ?" ನಾನು ಡಾಕ್ಟರ ಹಿಂದೆ ಓಡಿಹೋಗಿ ವರಾಂಡದಲ್ಲಿ ಅಡ್ಡ ನಿಂತೆ.

"ಸರ್, ನಮ್ಮಪ್ಪನ ಡಬ್ಬಿ ಕಾಲುವ್ಯಾಗ ಬಿದ್ದಿದ್ದಿಲ್ರಿ. ನಾ ಸುಳ್ಳ ಹೇಳಿದ್ದೆ."

ಎಲ್ಲ ಹೇಳಿದೆ. ಕುರಿ, ಕತ್ತರಿಸಿದ ಉಣ್ಣೆ, ಅಂಟು, ಎರಡು ದಿನವಾದರೂ ಪೂರ್ತಿ ಏಳದ ಸ್ಪ್ರಿಂಗ್, ನಾನು ಕಿತ್ತದ್ದು. ಆಚೀಚೆ ಮಂದಿ ನಿಂತು ಕೇಳುತ್ತಿದ್ದರು. ನಗುತ್ತಾರೆ ಅಂತ ಅಷ್ಟು ಹೆದರಿದ್ದೆನಲ್ಲ, ಒಬ್ಬರೂ ನಗಲಿಲ್ಲ. ಡಾಕ್ಟರು ವರಾಂಡದ ಬೆಂಚಿನ ಮೇಲೆ ಕೂತರು.

"ಇದನ್ನ ನಿಮ್ಮಪ್ಪ ಆವತ್ತೇ ಹೇಳಿದ್ರೇನು?"

"ನನಗ ಹೇಳಾಕ ಬಂದಿದ್ದರಿ. ನಾ ಕೇಳಲಿಲ್ಲ." ಆಮೇಲೆ ಧೈರ್ಯ ಮಾಡಿ ಕೇಳಿದೆ, "ಕೇಳಿದ್ರ ಕಾಲ ಉಳೀತಿತ್ತೇನ್ರಿ ಸರ್?"

ಅವರು ಸುಳ್ಳು ಸಮಾಧಾನ ಹೇಳುವವರಲ್ಲ. "ಗೊತ್ತಿಲ್ಲ. ಆದ್ರ ಇನ್ನೊಂದು ಸಲ ಪ್ರಯತ್ನ ಮಾಡಬಹುದಿತ್ತು, ಅದು ಖರೇ" ಅಂದರು.

ಜಾಲಿ ಅಂಟನ್ನು ಗಾಯದ ಹತ್ತಿರ ತರಕೂಡದು, ಅದರಲ್ಲಿ ಏನೇನು ಹೊಲಸಿರುತ್ತದೋ ಅಂತ ಕಟ್ಟುನಿಟ್ಟಾಗಿ ಹೇಳಿದರು. ಬೇಸರ ಮಾಡಿಕೊಳ್ಳಬೇಡ, ಆ ಮಾತು ಸರಿಯೇ. ಆದರೆ ಹೊಟ್ಟೆಯ ಆಪರೇಷನ್ ಆದವರಿಗೆ ಮಲದ ಚೀಲ ಅಂಟಿಸುವಾಗ ಚರ್ಮದ ತಗ್ಗು ತುಂಬಲು ಬಳಸುವ ಅಂಟು ನಮ್ಮ ಕಪಾಟಿನಲ್ಲೇ ಟ್ಯೂಬಿನಲ್ಲಿತ್ತು. ಇಷ್ಟು ದಿನ ಕಣ್ಣ ಮುಂದೆಯೇ ಇತ್ತು! ಶಾಂತಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸತ್ತ ಚರ್ಮವನ್ನು ಹದವಾಗಿ ಕೆರೆದು, ಒಣಗಿಸಿ, ಒಂದೊಂದೇ ಬಿರುಕಿಗೆ ಆ ಅಂಟು ತುಂಬಿದೆ. ಅರ್ಧ ದಿನದ ಕೆಲಸವಾಯಿತು. ಮೇಲೆ ಹಾಳೆ ಅಂಟಿಸಿ ಡಬ್ಬಿ ಒತ್ತಿದೆ. ಮರುದಿನ ಡ್ಯೂಟಿಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಆಕೆಯ ಮಂಚದ ಹತ್ತಿರ ಓಡಿದೆ. ಸ್ಪ್ರಿಂಗ್ ಇನ್ನೂ ಪೂರ್ತಿ ಎದ್ದಿರಲಿಲ್ಲ. ಡಬ್ಬಿಯಲ್ಲಿ ಎರಡು ಬೆರಳಷ್ಟು ಓಕರಿಕೆ ಬರುವಂಥ ಕೆಟ್ಟ ನೀರು ತುಂಬಿತ್ತು. ಅದನ್ನು ನೋಡಿ ಅಷ್ಟು ಖುಷಿಪಟ್ಟವರು ಲೋಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಸೋಮವಾರದ ಪಟ್ಟಿಯಿಂದ ಡಾಕ್ಟರೇ ಆಕೆಯ ಹೆಸರು ಹೊಡೆದು ಹಾಕಿದರು.

ಮೊನ್ನೆ ಶಾಂತಮ್ಮ ಮನೆಗೆ ಹೋದಳು. ಕುಳಿ ತುಂಬಿ, ಮೇಲೆ ಎಳೆ ಚರ್ಮ ಬಂದಿದೆ. ಕೊನೆಯ ಪಟ್ಟಿ ಕಟ್ಟಿ, ಬರಿಗಾಲಲ್ಲಿ ಓಡಾಡಿದರೆ ನೋಡು ಅಂತ ಬೈದು, ಮೆತ್ತನೆಯ ಚಪ್ಪಲಿ ಹಾಕಿಸಿ ಕಳಿಸಿದೆ. ಆಕೆ ಆಸ್ಪತ್ರೆಯ ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲು ಊರಿಕೊಂಡು ಇಳಿದಳು. ನಾನು ಕಂಬ ಹಿಡಿದುಕೊಂಡು ನೋಡಿದೆ. ಸಂತೋಷವಾಗಿತ್ತು, ಯಪ್ಪಾ. ಹೊಟ್ಟೆಯಲ್ಲಿ ಕಿಚ್ಚೂ ಇತ್ತು. ಆಕೆಯ ಕಾಲು ಉಳಿಸಿದ ಕೈ ನಿನ್ನದನ್ನು ಉಳಿಸಲಿಲ್ಲವಲ್ಲ… ನನ್ನನ್ನು ಮಾಫ್ ಮಾಡು ಅಂತ ಕೇಳುವುದಿಲ್ಲ. ನೀನು ಕೇಳುವ ಮೊದಲೇ ಮಾಡಿಬಿಟ್ಟಿರುತ್ತೀ, ಅದೇ ನನಗೆ ತಡೆಯಲಾಗದ್ದು.

ಈಗ ನಿನಗೆ ತಿಳಿಯದ ಕೊನೆಯ ಸುದ್ದಿ. ಬರುವ ವಾರ ಯಾದಗಿರಿಯಲ್ಲಿ ಸುತ್ತಲಿನ ಆಸ್ಪತ್ರೆಗಳ ನರ್ಸುಗಳೆಲ್ಲ ಸೇರುತ್ತಾರೆ. ಬಿರುಕು ಬಿಟ್ಟ ಹಿಮ್ಮಡಿಗೆ ಈ ಡಬ್ಬಿ ಹಚ್ಚುವುದು ಹೇಗೆ ಅಂತ ನಾನೇ ಹೇಳಿಕೊಡಬೇಕಂತೆ. ಡಾಕ್ಟರು ಹೆಸರು ಬರೆಸಿಬಿಟ್ಟಿದ್ದಾರೆ. ಮೈಕ್ ಹಿಡಿದು ಮಾತಾಡಿ ನನಗೆ ಗೊತ್ತಿಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಿದೆ. ಒಬ್ಬ ಕುರಿಗಾರ ಇದ್ದ, ಆಸ್ಪತ್ರೆಯ ಡಬ್ಬಿಯನ್ನು ತನ್ನ ಕಾಲಿನಿಂದ ಬಿಚ್ಚಿ ಕುರಿಗೆ ಕಟ್ಟಿದ ಅಂತ ಶುರು ಮಾಡುತ್ತೇನೆ. ಅವರು ನಗುತ್ತಾರೆ. ನಗಲಿ. ನಕ್ಕು ಮುಗಿಯುವವರೆಗೂ ಕಾಯುತ್ತೇನೆ. ಆಮೇಲೆ ಹೇಳುತ್ತೇನೆ, ಆ ಕುರಿಗಾರ ನಮ್ಮಪ್ಪ, ಅವನ ಮಾತು ಕೇಳದೆ ಹೋದ ನರ್ಸ್ ನಾನು.

ನಿನ್ನ ಮಗಳು
ಮಾಳವ್ವ